ಲಾರಿಯಲ್ಲಿ ಬಂದ ಮನೆಗೆ ಯಾವ ಕಾಲಂ?

ಸೈಟು ಇದೆ, ಪಟ್ಟಾ ಹೆಸರಿನಲ್ಲಿದೆ, ವರ್ಷವಿಡೀ ಮೇಸ್ತ್ರಿಯ ಹಿಂದೆ ಅಲೆಯಲು ಪುರಸೊತ್ತಿಲ್ಲ; ಕಾರ್ಖಾನೆಯಲ್ಲಿ ಮಾಡಿದ ಮನೆ ತರಿಸಿ ನಿಲ್ಲಿಸಿದರೆ ಬ್ಯಾಂಕು ಗೃಹಸಾಲ ಕೊಡುತ್ತದೆಯೇ? ಹೊಸೂರು, ಬಾಗಲೂರು, ದೆಂಕಣಿಕೋಟೆ ಕಡೆಯ ಓದುಗರಿಂದ ಈ ಅಂಕಣಕ್ಕೆ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕೇಳುವವರ ಗಮನವೆಲ್ಲ ಬಡ್ಡಿಯ ಮೇಲೆ, ಕಂತಿನ ಮೇಲೆ. ಅದು ಸಹಜವೇ. ಆದರೆ ಬಡ್ಡಿಯೂ ಕಂತೂ ಹುಟ್ಟುವುದು ಇನ್ನೊಂದು ಕಡೆ: ಕೊಟ್ಟ ಸಾಲದ ಲೆಕ್ಕವನ್ನು ರಿಸರ್ವ್ ಬ್ಯಾಂಕಿಗೆ ಒಪ್ಪಿಸುವಾಗ ಬ್ಯಾಂಕು ಅದನ್ನು ಯಾವ ಕಾಲಂನಲ್ಲಿ ಬರೆಯುತ್ತದೆ ಎಂಬಲ್ಲಿ. ಗೋಡೆ ಎದ್ದದ್ದು ಸೈಟಿನಲ್ಲೋ ಕಾರ್ಖಾನೆಯಲ್ಲೋ ಎಂಬುದು ಆ ಕಾಲಂ ತೀರ್ಮಾನಿಸಬಾರದು, ಆದರೆ ಆ ಮಾಹಿತಿ ಎಲ್ಲಾದರೂ ದಾಖಲಾಗಲೇಬೇಕು ಎಂಬುದು ನನ್ನ ವಾದ. ಇವೆರಡು ಒಂದಕ್ಕೊಂದು ವಿರುದ್ಧದಂತೆ ಕೇಳಿಸುತ್ತವೆ, ಗೊತ್ತು.

ಕಾರ್ಖಾನೆಯ ಮನೆ ಎಂದ ಕೂಡಲೇ ರಸ್ತೆ ಕೆಲಸದ ಜಾಗದಲ್ಲಿ ಕಾಣುವ ತಗಡಿನ ಡಬ್ಬ ಕಣ್ಣ ಮುಂದೆ ಬರುತ್ತದೆ. ನಮ್ಮ ಕೃಷ್ಣಗಿರಿ ಜಿಲ್ಲೆಯವರಾದರೂ ಆ ಚಿತ್ರವನ್ನು ಸ್ವಲ್ಪ ತಿದ್ದಿಕೊಳ್ಳಬೇಕು. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನ್‌ಗಳು ದಿಢೀರನೆ ಎದ್ದು ನಿಂತವಲ್ಲ, ಅವುಗಳ ಕಾಂಕ್ರೀಟ್ ಭಾಗಗಳು ತಯಾರಾದದ್ದು ಕೃಷ್ಣಗಿರಿಯ ಕೆಇಎಫ್ ಇನ್ಫ್ರಾ ಕಾರ್ಖಾನೆಯಲ್ಲಿ. ಗೋಡೆ, ಸೂರು ಎಲ್ಲ ಲಾರಿ ಹತ್ತಿ ಹೊಸೂರು ದಾಟಿ ಬೆಂಗಳೂರು ಸೇರಿ, ಪಾಯದ ಮೇಲೆ ಕ್ರೇನಿನಿಂದ ಕೂತವು. ಅಲ್ಲಿ ಇಡ್ಲಿ ತಿಂದವರು ಯಾರೂ ಅದನ್ನು ಸಾಗಿಸಬಹುದಾದ ಸರಕು ಎಂದುಕೊಳ್ಳಲಿಲ್ಲ. ಚೆನ್ನೈನ ಪೆರುಂಬಾಕ್ಕಂನಲ್ಲಿ ಕೇಂದ್ರ ಸರ್ಕಾರದ ಲೈಟ್ ಹೌಸ್ ಯೋಜನೆಯಡಿ 2022ರಲ್ಲಿ ಪೂರ್ತಿಯಾದ 1,152 ಮನೆಗಳೂ ಪ್ರಿಕಾಸ್ಟ್ ಭಾಗಗಳನ್ನು ಜೋಡಿಸಿ ಕಟ್ಟಿದವೇ. ಅದೇ ಯೋಜನೆಯ ರಾಂಚಿಯ ಮನೆಗಳಲ್ಲಂತೂ ಕೋಣೆಗೆ ಕೋಣೆಯೇ ಎರಕವಾಗಿ ಬಂದು ಒಂದರ ಮೇಲೊಂದು ಕೂತವು. ಇನ್ನೊಂದು ತುದಿಯಲ್ಲಿ ಕಬ್ಬಿಣದ ಚೌಕಟ್ಟಿಗೆ ಪ್ಯಾನೆಲ್ ಬಿಗಿದ ಮನೆಗಳಿವೆ, ಅದಕ್ಕೂ ಆಚೆ ಹಡಗಿನ ಕಂಟೇನರಿಗೆ ಕಿಟಕಿ ಕೊರೆದು ಎಸಿ ಹಾಕಿದವು. ಇವೆಲ್ಲಕ್ಕೂ ಪ್ರಿಫ್ಯಾಬ್ ಎಂಬ ಒಂದೇ ಹೆಸರು. ಗೊಂದಲದ ಮೊದಲ ಬೇರು ಈ ಹೆಸರಿನಲ್ಲೇ ಇದೆ.

ಎರಡನೆಯ ಬೇರು ನಿಯಮದ ಭಾಷೆಯಲ್ಲಿದೆ. ಬ್ಯಾಂಕುಗಳು ಬೇರೆ ಬೇರೆ ವರದಿಗಳಲ್ಲಿ ಬೇರೆ ಬೇರೆ ವ್ಯಾಖ್ಯೆ ಬಳಸುವುದು ನಿಲ್ಲಲಿ ಎಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿ ಕೆಲವು ಪದಗಳಿಗೆ ಏಕರೂಪದ ಅರ್ಥ ಕೊಟ್ಟಿತು. ಅದರ ಪ್ರಕಾರ ವ್ಯಕ್ತಿಗಳಿಗೆ ಕೊಟ್ಟ ಸಾಲದಲ್ಲಿ ನಾಲ್ಕು ಬಗೆ: ಗ್ರಾಹಕ ಸಾಲ, ಶಿಕ್ಷಣ ಸಾಲ, ಮನೆಯಂಥ ಸ್ಥಿರಾಸ್ತಿಯನ್ನು ಮಾಡಿಕೊಳ್ಳಲು ಅಥವಾ ಹೆಚ್ಚಿಸಿಕೊಳ್ಳಲು ಕೊಟ್ಟ ಸಾಲ, ಷೇರು ಮುಂತಾದವುಗಳಲ್ಲಿ ಹೂಡಲು ಕೊಟ್ಟ ಸಾಲ. ಗಮನಿಸಿ, ಮನೆ ಇಲ್ಲಿ ಉದಾಹರಣೆ ಮಾತ್ರ. ಬಾಗಿಲು ತೆರೆಯುವ ಪದ ‘ಸ್ಥಿರಾಸ್ತಿ’. ಈಗ ಆದ್ಯತಾ ವಲಯದ ಸಾಲದ ನಿಯಮ ನೋಡಿ. 2025ರ ಏಪ್ರಿಲ್ 1ರಿಂದ ಜಾರಿಯಲ್ಲಿರುವಂತೆ, 10 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಿನಲ್ಲಿ, ಅಂದರೆ ಹೊಸೂರೂ ಕೃಷ್ಣಗಿರಿಯೂ ಸೇರುವ ಗುಂಪಿನಲ್ಲಿ, 44 ಲಕ್ಷ ರೂಪಾಯಿ ಮೀರದ ಮನೆಗೆ ಕೊಟ್ಟ 35 ಲಕ್ಷದವರೆಗಿನ ಸಾಲ ಆದ್ಯತಾ ವಲಯಕ್ಕೆ ಸೇರುತ್ತದೆ. ಅಲ್ಲಿ ಬಳಸಿದ ಪದ ‘ವಾಸದ ಮನೆ’. ಸ್ಥಿರವೋ ಚರವೋ ಎಂಬ ಮಾತೇ ಇಲ್ಲ. ಒಂದೇ ಸಾಲ, ಎರಡು ನಮೂನೆ. ಒಂದು ಅದರಲ್ಲಿ ಯಾರಾದರೂ ವಾಸ ಮಾಡುತ್ತಾರೆಯೇ ಎಂದು ಕೇಳುತ್ತದೆ, ಇನ್ನೊಂದು ಅದು ಅಲ್ಲಾಡುತ್ತದೆಯೇ ಎಂದು ಕೇಳುತ್ತದೆ. ಇಟ್ಟಿಗೆ ಮನೆಗೆ ಎರಡೂ ಪ್ರಶ್ನೆಗೆ ಉತ್ತರ ಒಂದೇ ಆಗಿರುವುದರಿಂದ ಈ ವ್ಯತ್ಯಾಸ ಯಾರನ್ನೂ ಕಾಡಲಿಲ್ಲ. ಲಾರಿಯಲ್ಲಿ ಬಂದ ಮನೆಗೆ ಮಾತ್ರ ಅದು ಕಾಲಿಗೆ ತೊಡರುತ್ತದೆ.

ಕಾಲಂ ಬದಲಾದರೆ ಏನು ಮಹಾ ವ್ಯತ್ಯಾಸ ಎನ್ನುವವರಿಗಾಗಿ ಒಂದು ಸಣ್ಣ ಲೆಕ್ಕ. ಬ್ಯಾಂಕು ಕೊಡುವ ಪ್ರತಿ ಸಾಲಕ್ಕೂ ರಿಸ್ಕಿನ ತೂಕ ಎಂಬುದೊಂದಿದೆ. ಮನೆಯ ಬೆಲೆಯ ಶೇಕಡಾ 80 ಮೀರದಂತೆ ಕೊಟ್ಟ 20 ಲಕ್ಷದ ಗೃಹಸಾಲಕ್ಕೆ ಆ ತೂಕ ಶೇಕಡಾ 35. ಸಾಮಾನ್ಯ ಗ್ರಾಹಕ ಸಾಲಕ್ಕೆ 2023ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ಅದನ್ನು 100ರಿಂದ 125ಕ್ಕೆ ಏರಿಸಿತು. ಗೃಹ, ಶಿಕ್ಷಣ, ವಾಹನ, ಚಿನ್ನದ ಸಾಲಗಳಿಗೆ ಮಾತ್ರ ಆ ಏರಿಕೆಯಿಂದ ವಿನಾಯಿತಿ. ತೂಗಿ ಬಂದ ಮೊತ್ತದ ಕನಿಷ್ಠ ಶೇಕಡಾ 9ರಷ್ಟು ಬಂಡವಾಳವನ್ನು ಬ್ಯಾಂಕು ತನ್ನ ಗಂಟಿನಿಂದ ಇಡಬೇಕು. ಅಂದರೆ 20 ಲಕ್ಷ ಗೃಹಸಾಲದ ಕಾಲಂನಲ್ಲಿದ್ದರೆ 63,000 ರೂಪಾಯಿ, ಗ್ರಾಹಕ ಸಾಲದ ಕಾಲಂಗೆ ಜಾರಿದರೆ 2,25,000 ರೂಪಾಯಿ. ಮೂರೂವರೆ ಪಟ್ಟಿಗಿಂತ ಹೆಚ್ಚು. ಈ ಭಾರ ಬಂದು ಕೂರುವುದು ಸಾಲಗಾರನ ಬಡ್ಡಿಯಲ್ಲಿ. ಅವಧಿಯೂ ಇಪ್ಪತ್ತು ವರ್ಷದಿಂದ ಐದಾರು ವರ್ಷಕ್ಕೆ ಕುಗ್ಗಿದರೆ ಕಂತು ಕೈಗೆ ಎಟುಕುವುದಿಲ್ಲ. ಸಂಶಯ ಬಂದ ಮ್ಯಾನೇಜರ್ ಸುರಕ್ಷಿತ ದಾರಿ ಹಿಡಿಯುತ್ತಾನೆ, ಇಲ್ಲ ಎನ್ನುತ್ತಾನೆ. ಅವನನ್ನು ದೂರಿ ಪ್ರಯೋಜನವಿಲ್ಲ. ನಾಳೆ ಆಡಿಟರ್ ಬಂದು ಕೇಳಿದರೆ ತೋರಿಸಲು ಅವನ ಬಳಿ ಸ್ಪಷ್ಟವಾದ ಒಂದು ಸಾಲು ಇಲ್ಲ.

ಸ್ಥಿರಾಸ್ತಿ ಎಂದರೇನು ಎಂಬುದಕ್ಕೆ ನಮ್ಮ ಕಾನೂನು ಇಂದಿಗೂ 19ನೇ ಶತಮಾನದ ಮಾತನ್ನೇ ಆಡುತ್ತದೆ. 1897ರ ಜನರಲ್ ಕ್ಲಾಸಸ್ ಕಾಯ್ದೆಯಲ್ಲಿ ಭೂಮಿ, ಭೂಮಿಯಿಂದ ಹುಟ್ಟುವ ಪ್ರಯೋಜನ, ಭೂಮಿಗೆ ಅಂಟಿದ ವಸ್ತು, ಹಾಗೆ ಅಂಟಿದ್ದಕ್ಕೆ ಶಾಶ್ವತವಾಗಿ ಬಿಗಿದ ವಸ್ತು ಇವೆಲ್ಲ ಸ್ಥಿರಾಸ್ತಿ. ಅಂಟುವುದು ಎಂದರೇನು ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 3ನೇ ಸೆಕ್ಷನ್ ಬಿಡಿಸಿ ಹೇಳುತ್ತದೆ: ಮರದ ಹಾಗೆ ಬೇರು ಬಿಟ್ಟದ್ದು, ಗೋಡೆಯ ಹಾಗೆ ನೆಲದಲ್ಲಿ ಹುದುಗಿದ್ದು, ಹುದುಗಿದ್ದರ ಶಾಶ್ವತ ಉಪಯೋಗಕ್ಕೆಂದು ಅದಕ್ಕೆ ಜೋಡಿಸಿದ್ದು. ಗೋಡೆ ನೆಲದಿಂದಲೇ ಮೇಲೇಳುತ್ತದೆ ಎಂದು ನಂಬಿದ ಕಾಲದ ಮಾತಿದು. ಗೋಡೆ ಕೃಷ್ಣಗಿರಿಯಿಂದ ಲಾರಿಯಲ್ಲಿ ಬರಬಹುದೆಂದು ಬರೆದವರು ಎಣಿಸಿರಲಿಲ್ಲ. ನಂತರದ ನ್ಯಾಯಾಲಯಗಳು ಹಳೆಯ ಪದಗಳನ್ನು ಹೊಸ ವಸ್ತುಗಳಿಗೆ ಎಳೆದು ಹೊಂದಿಸುತ್ತ ಬಂದಿವೆ. ರಸ್ತೆಗೆ ಡಾಂಬರು ಬೆರೆಸುವ ಯಂತ್ರ ಒಂದೂವರೆ ಅಡಿ ಆಳದ ಪಾಯದ ಮೇಲಿದ್ದರೂ ಅದು ಅದುರದಿರಲೆಂದು ಮಾಡಿದ ವ್ಯವಸ್ಥೆಯಷ್ಟೇ, ಹಾಗಾಗಿ ಅದು ಚರ ವಸ್ತು ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆಮೇಲೆ ಬಂತು ಈ ಚರ್ಚೆಯಲ್ಲಿ ಎಲ್ಲರೂ ಬೊಟ್ಟು ಮಾಡುವ ತೀರ್ಪು. 2024ರ ನವೆಂಬರ್ 20ರಂದು ಭಾರ್ತಿ ಏರ್‌ಟೆಲ್ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಎನ್. ಕೋಟೀಶ್ವರ ಸಿಂಗ್ ಅವರ ಪೀಠ, ಮೊಬೈಲ್ ಟವರ್ ಮಾತ್ರವಲ್ಲ, ಅದರ ಬುಡದಲ್ಲಿ ಯಂತ್ರ ಇಡುವ ಪ್ರಿಫ್ಯಾಬ್ ಕಟ್ಟಡವೂ ಸ್ಥಿರಾಸ್ತಿಯಲ್ಲ, ಸರಕು ಎಂದು ತೀರ್ಮಾನಿಸಿತು.

ನೋಡಿ, ದೇಶದ ಅತ್ಯುನ್ನತ ನ್ಯಾಯಾಲಯವೇ ಪ್ರಿಫ್ಯಾಬ್ ಕಟ್ಟಡ ಚರ ಎಂದ ಮೇಲೆ ಬ್ಯಾಂಕು ಅದಕ್ಕೆ ಗೃಹಸಾಲ ಹೇಗೆ ಕೊಡುತ್ತದೆ? ಇದು ಮೊದಲ ಆಕ್ಷೇಪ, ಮೇಲುನೋಟಕ್ಕೆ ಗಟ್ಟಿಯಾದದ್ದೂ ಹೌದು. ಆದರೆ ತೀರ್ಪಿನ ಕೊನೆಯ ಸಾಲು ಓದಿದರೆ ಸಾಲದು, ಅಲ್ಲಿಗೆ ತಲುಪಿದ ದಾರಿಯನ್ನೂ ನೋಡಬೇಕು. ಅಲ್ಲಿದ್ದ ವ್ಯಾಜ್ಯ ಸಾಲದ್ದಲ್ಲ, ಟವರ್ ಮತ್ತು ಆ ಕಟ್ಟಡಗಳ ಮೇಲೆ ಕಟ್ಟಿದ ಅಬಕಾರಿ ಸುಂಕವನ್ನು ಕಂಪನಿ ತನ್ನ ಸೇವಾ ತೆರಿಗೆಯಲ್ಲಿ ಮುರಿದುಕೊಳ್ಳಬಹುದೇ ಎಂಬುದು. ಪೀಠ ಕೇಳಿದ ಪ್ರಶ್ನೆಗಳು ಇವು: ನೆಲಕ್ಕೆ ಹೇಗೆ ಸೇರಿಸಲಾಗಿದೆ, ಯಾವ ಉದ್ದೇಶಕ್ಕೆ, ಸೇರಿಸಿದವರ ಮನಸ್ಸಿನಲ್ಲಿ ಶಾಶ್ವತವಾಗಿ ಇಡುವ ಇರಾದೆ ಇತ್ತೇ, ಬಿಚ್ಚಿ ಇನ್ನೊಂದು ಕಡೆ ನಿಲ್ಲಿಸಿದರೆ ಕೆಲಸಕ್ಕೆ ಬರುತ್ತದೆಯೇ, ಮಾರುಕಟ್ಟೆಯಲ್ಲಿ ಮಾರಲು ಬರುತ್ತದೆಯೇ. ಮೊಬೈಲ್ ಕಂಪನಿ ಬಾಡಿಗೆ ಜಾಗದಲ್ಲಿ ಪೆಟ್ಟಿಗೆ ಇಡುತ್ತದೆ, ಕರಾರು ಮುಗಿದರೆ ಎತ್ತಿಕೊಂಡು ಹೋಗುತ್ತದೆ. ಇದೇ ಪ್ರಶ್ನೆಗಳನ್ನು ಸ್ವಂತ ಸೈಟಿನಲ್ಲಿ ಪಾಯ ತೋಡಿ, ಪ್ರಿಕಾಸ್ಟ್ ಗೋಡೆಗಳ ಕೀಲುಗಳಿಗೆ ಕಾಂಕ್ರೀಟ್ ಸುರಿದು, ನೀರು, ಚರಂಡಿ, ಕರೆಂಟು ಜೋಡಿಸಿ, ನಗರಪಾಲಿಕೆಗೆ ಮನೆ ತೆರಿಗೆ ಕಟ್ಟುವ ಕುಟುಂಬಕ್ಕೆ ಕೇಳಿ. ಪ್ರತಿಯೊಂದಕ್ಕೂ ಉಲ್ಟಾ ಉತ್ತರ ಬರುತ್ತದೆ. ಅಂದರೆ ಆ ತೀರ್ಪು ನನ್ನ ವಾದವನ್ನು ಮುರಿಯುವುದಿಲ್ಲ, ಪೋಷಿಸುತ್ತದೆ: ಹುಟ್ಟಿದ ಜಾಗ ಅಲ್ಲಿ ಪರೀಕ್ಷೆಯೇ ಆಗಿರಲಿಲ್ಲ. ಇಷ್ಟಾದರೂ ‘ಪ್ರಿಫ್ಯಾಬ್ ಅಂದರೆ ಸರಕು’ ಎಂಬ ಮೂರು ಪದ ಮಾತ್ರ ನಿಂತುಬಿಡುತ್ತವೆ. ಜಿಎಸ್‌ಟಿ ಪಟ್ಟಿಯಲ್ಲೂ ಪ್ರಿಫ್ಯಾಬ್ ಕಟ್ಟಡಕ್ಕೆ 9406 ಎಂಬ ಸರಕಿನ ಸಂಖ್ಯೆ ಇರುವುದರಿಂದ, ಬಿಲ್ಲು ನೋಡಿದವರಿಗೆ ಆ ಮಾತು ಇನ್ನೂ ನಿಜ ಅನ್ನಿಸುತ್ತದೆ.

ನಮ್ಮ ಸುತ್ತಲೇ ಇರುವ ಇನ್ನೊಂದು ಕಟ್ಟಡವನ್ನು ಪಕ್ಕಕ್ಕಿಟ್ಟು ನೋಡಿದರೆ ವಿಚಾರ ತಿಳಿಯಾಗುತ್ತದೆ. ಹೊಸೂರು, ತಳಿ ಸುತ್ತ ಗುಲಾಬಿ ಬೆಳೆಯುವ ಪಾಲಿಹೌಸುಗಳು ಎಷ್ಟಿವೆ! ಕಾರ್ಖಾನೆಯಿಂದ ಬಂದ ಕಬ್ಬಿಣದ ಪೈಪು, ಹೊದಿಸಲು ಪ್ಲಾಸ್ಟಿಕ್ ಹಾಳೆ, ನೆಲದಲ್ಲಿ ಗುಂಡಿ ತೋಡಿ ಬೋಲ್ಟು ಬಿಗಿದರೆ ಮುಗಿಯಿತು. ಬಿಚ್ಚಿದರೆ ಪೈಪು ಪೈಪಾಗಿ ಮಾರಬಹುದು. ಹೆಚ್ಚಿನ ಪ್ರಿಫ್ಯಾಬ್ ಮನೆಗಳಿಗಿಂತ ಅದು ಹಗುರ, ಗಾಳಿಗೆ ಹೆಚ್ಚು ಅಂಜುವಂಥದ್ದು. ಆದರೂ ಅದರ ಸಾಲ ಕೃಷಿ ಸಾಲದ ಲೆಕ್ಕಕ್ಕೆ ಹೋಗುತ್ತದೆ, ಯಾಕೆಂದರೆ ಅಲ್ಲಿ ನಿಯಮ ಕೇಳುವುದು ಉದ್ದೇಶವನ್ನು: ಹಣ ಬೆಳೆಗೆ ಹೋಯಿತೇ? ಪೈಪು ಎಲ್ಲಿ ಬಾಗಿತು ಎಂದು ಕೃಷಿ ಅಧಿಕಾರಿ ವಿಚಾರಿಸುವುದಿಲ್ಲ. ಹೂವಿಗೆ ಸಿಕ್ಕ ಈ ಸೌಲಭ್ಯ ಹೂ ಕೀಳುವವರ ಮನೆಗೆ ಸಿಗಬಾರದು ಎಂಬುದಕ್ಕೆ ನನಗೆ ಕಾರಣ ಕಾಣುವುದಿಲ್ಲ.

ಅಮೆರಿಕದವರು ಈ ಗಂಟನ್ನು ಬಿಚ್ಚಿದ ಬಗೆ ತಿಳಿಯುವುದು ಒಳ್ಳೆಯದು, ಅವರಲ್ಲಿ ಸಮಸ್ಯೆ ದೊಡ್ಡದು, ಅನುಭವವೂ ಹಳೆಯದು. ಅಲ್ಲಿ 1975ರ ಗೃಹ ಅಡಮಾನ ಮಾಹಿತಿ ಕಾಯ್ದೆಯ ಪ್ರಕಾರ ಸಾಲ ಕೊಡುವವರು ಬಂದ ಅರ್ಜಿ, ಕೊಟ್ಟ ಸಾಲ, ನಿರಾಕರಿಸಿದ್ದು ಎಲ್ಲವನ್ನೂ ವರದಿ ಮಾಡಬೇಕು. ಕಾರ್ಖಾನೆ ಮನೆಗಳಲ್ಲಿ ಅವರು ಎರಡು ಜಾತಿ ಗುರುತಿಸುತ್ತಾರೆ. 1976ರ ಜೂನ್ 15ರಿಂದ ಜಾರಿಗೆ ಬಂದ ಕೇಂದ್ರದ ಕಟ್ಟಡ ಸಂಹಿತೆಯಂತೆ, ಕಳಚದ ಷಾಸಿಯ ಮೇಲೆ ತಯಾರಾಗಿ ಆ ಸಂಹಿತೆಯ ಲೇಬಲ್ ಅಂಟಿಸಿಕೊಂಡದ್ದು ‘ಮ್ಯಾನುಫ್ಯಾಕ್ಚರ್ಡ್ ಹೋಮ್’. ಅದೇ ರೀತಿ ಕಾರ್ಖಾನೆಯಲ್ಲೇ ತಯಾರಾದರೂ ಸ್ಥಳೀಯ ಕಟ್ಟಡ ನಿಯಮಕ್ಕೆ ಒಳಪಟ್ಟದ್ದು ‘ಮಾಡ್ಯುಲರ್’. ವರದಿಯಲ್ಲಿ ಮಾಡ್ಯುಲರ್ ಮನೆಯನ್ನು ಸೈಟಿನಲ್ಲೇ ಕಟ್ಟಿದ ಮನೆ ಎಂದೇ ಬರೆಯಬೇಕು ಎಂಬುದು ಅಲ್ಲಿನ ಅಧಿಕೃತ ವಿವರಣೆ. ಕೇಳಿದರೆ ನಗು ಬರುತ್ತದೆ. ಕ್ರೇನಿನಲ್ಲಿ ಇಳಿದದ್ದನ್ನು ಅಲ್ಲೇ ಕಟ್ಟಿದ್ದು ಎನ್ನುವುದೇ? ಆದರೆ ಹಿಂದಿನ ತರ್ಕ ಸರಿಯಾಗಿದೆ: ಯಾವ ಸಂಹಿತೆಗೆ ಮನೆ ತಲೆಬಾಗಿದೆ ಎಂಬುದು ಮುಖ್ಯ, ಎಲ್ಲಿ ಅಚ್ಚಾಯಿತು ಎಂಬುದಲ್ಲ. 2018ರಿಂದ ಅಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ಮ್ಯಾನುಫ್ಯಾಕ್ಚರ್ಡ್ ಮನೆಯ ಸಾಲಕ್ಕೆ ಒತ್ತೆ ಬರಿಯ ಮನೆಯೋ, ಮನೆ ಮತ್ತು ನೆಲ ಎರಡೂ ಸೇರಿಯೋ ಎಂಬುದು ಒಂದು ಪ್ರಶ್ನೆ. ನೆಲ ಸ್ವಂತದ್ದೋ ಬಾಡಿಗೆಯದೋ ಎಂಬುದು ಇನ್ನೊಂದು. ಕಟ್ಟಿದ ಬಗೆಗೆ ಒಂದು ಚೌಕ, ನೆಲದ ಹಕ್ಕಿಗೆ ಬೇರೆ ಚೌಕ. ನಾವು ‘ಸ್ಥಿರಾಸ್ತಿಯೇ?’ ಎಂಬ ಒಂದೇ ಪದದಲ್ಲಿ ಮುದ್ದೆ ಮಾಡಿದ್ದನ್ನು ಅವರು ಹೀಗೆ ಬಿಡಿಸಿಟ್ಟರು.

ಹೀಗೆ ಬೇರೆ ಚೌಕ ಮಾಡಿದರೆ ಅದೇ ಕಳಂಕವಾಗುವುದಿಲ್ಲವೇ, ‘ಪ್ರಿಫ್ಯಾಬ್’ ಎಂದು ಗುರುತು ಬಿದ್ದ ಸಾಲಕ್ಕೆ ಬ್ಯಾಂಕುಗಳು ಬಡ್ಡಿ ಏರಿಸುವುದಿಲ್ಲವೇ? ಈ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ಅಮೆರಿಕದಲ್ಲಿ ಅದೇ ಆಗಿದೆ: ನೆಲವಿಲ್ಲದೆ ಮನೆಯನ್ನಷ್ಟೇ ಒತ್ತೆಯಿಟ್ಟ ಸಾಲಕ್ಕೆ ಬಡ್ಡಿ ಹೆಚ್ಚು, ಅವಧಿ ಕಡಿಮೆ, ಮನೆ ಕೈಬಿಡದಂತೆ ಕಾಯುವ ಕಾನೂನಿನ ರಕ್ಷಣೆಯೂ ಕಡಿಮೆ. ಆದರೆ ಈ ಅನ್ಯಾಯ ಜಗತ್ತಿಗೆ ಗೊತ್ತಾದದ್ದು ಹೇಗೆ? ಆ ಚೌಕಗಳಿಂದಲೇ. 2021ರ ಮೇ ತಿಂಗಳಲ್ಲಿ ಅಲ್ಲಿನ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ ಆ ವರದಿಗಳನ್ನು ಗುಡ್ಡೆ ಹಾಕಿ ನೋಡಿದಾಗ, ಸೈಟಿನಲ್ಲಿ ಕಟ್ಟಿದ ಮನೆಗೆ ಅರ್ಜಿ ಹಾಕಿದವರಲ್ಲಿ ಶೇಕಡಾ 74 ಮಂದಿಗೆ ಸಾಲ ಸಿಕ್ಕಿದ್ದರೆ ಮ್ಯಾನುಫ್ಯಾಕ್ಚರ್ಡ್ ಮನೆಯ ಅರ್ಜಿದಾರರಲ್ಲಿ 27 ಮಂದಿಗೆ ಮಾತ್ರ ಸಿಕ್ಕಿತ್ತು. ಆ ಮನೆಗಳ ಖರೀದಿ ಸಾಲಗಳಲ್ಲಿ ಶೇಕಡಾ 42 ಚರ ವಸ್ತುವಿನ ಸಾಲಗಳಾಗಿದ್ದವು. ಚೌಕವಿಲ್ಲದ ನಮ್ಮಲ್ಲಿ ಎಷ್ಟು ಅರ್ಜಿ ಬಂದವು, ಎಷ್ಟು ತಿರುಗಿ ಹೋದವು ಎಂದು ಕೇಳಲು ಕೂಡ ದಾರಿಯಿಲ್ಲ. ಕಳಂಕ ಈಗಲೂ ಇದೆ, ಲೆಕ್ಕ ಮಾತ್ರ ಇಲ್ಲ. ಗುರುತು ಇರಲಿ, ಆದರೆ ಅದು ರಿಸ್ಕಿನ ತೂಕವನ್ನು ಮುಟ್ಟದಿರಲಿ ಎಂದು ನಾನು ಹೇಳುವುದು ಇದಕ್ಕೇ.

ಬ್ಯಾಂಕಿನವರ ಕಡೆಯಿಂದ ಬರುವ ಮಾತು ಬೇರೆ. ಪ್ಯಾನೆಲ್ ಮನೆ ಎಷ್ಟು ವರ್ಷ ಬಾಳುತ್ತದೆ, ಮಾಡಿಕೊಟ್ಟ ಕಂಪನಿ ಮುಚ್ಚಿದರೆ ಒಡೆದ ಪ್ಯಾನೆಲ್ ಯಾರು ಕೊಡುತ್ತಾರೆ, ಹರಾಜಿಗೆ ಬಂದರೆ ಯಾರು ಕೊಳ್ಳುತ್ತಾರೆ? ಕಂಪನಿ ಮುಚ್ಚುವುದು ಊಹೆಯ ಮಾತಲ್ಲ. ಕೃಷ್ಣಗಿರಿಯ ಅದೇ ಕೆಇಎಫ್ ಇನ್ಫ್ರಾ 2018ರಲ್ಲಿ ಕ್ಯಾಟೆರಾ ಎಂಬ ಅಮೆರಿಕದ ಕಂಪನಿಯೊಡನೆ ಸೇರಿತು. ಕಟ್ಟಡ ಕಟ್ಟುವ ರೀತಿಯನ್ನೇ ಬದಲಿಸುತ್ತೇವೆಂದು ಅಪಾರ ಹೂಡಿಕೆ ಎತ್ತಿದ್ದ ಕ್ಯಾಟೆರಾ 2021ರ ಜೂನ್‌ನಲ್ಲಿ ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕಿತು. ಇಂಥ ಭಯವನ್ನು ಅವಧಿಯಲ್ಲಿ, ವಿಮೆಯಲ್ಲಿ, ಎಂಜಿನಿಯರ್‌ನ ತಪಾಸಣೆಯಲ್ಲಿ ತೂಗಿ ನೋಡುವುದು ಸರಿಯೇ. ಪ್ರಿಕಾಸ್ಟ್ ಕಟ್ಟಡಕ್ಕೆ ಐಎಸ್ 15916 ಎಂಬ ಭಾರತೀಯ ಮಾನಕ ಇದೆ. ಹೊಸ ತಂತ್ರಗಳಿಗೆ ಕೇಂದ್ರದ ಬಿಎಂಟಿಪಿಸಿ ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತದೆ. ಅಮೆರಿಕದ ಲೇಬಲ್ ಮಾಡುವ ಕೆಲಸವನ್ನು ಇವು ಮಾಡಬಲ್ಲವು. ಆದರೆ ಮನೆ ಇಪ್ಪತ್ತೈದೇ ವರ್ಷ ಬಾಳುತ್ತದೆ ಎಂದಾದರೆ ಅದಕ್ಕೆ ಹದಿನೈದು ವರ್ಷದ ಗೃಹಸಾಲ ಕೊಡಬೇಕು, ಅದು ಮನೆಯೇ ಅಲ್ಲ ಎನ್ನುವುದಲ್ಲ. ನಾಡಹೆಂಚಿನ ಮಣ್ಣಿನ ಗೋಡೆಯ ಮನೆಯನ್ನು ಬಾಳಿಕೆ ಕಡಿಮೆ ಎಂದು ಯಾರೂ ಚರಾಸ್ತಿ ಎನ್ನಲಿಲ್ಲ.

ಹಾಗೆಂದು ಲಾರಿಯಲ್ಲಿ ಬಂದದ್ದೆಲ್ಲ ಗೃಹಸಾಲಕ್ಕೆ ಅರ್ಹ ಎಂದು ನಾನು ಹೇಳುತ್ತಿಲ್ಲ. ತಳಿ, ಅಂಚೆಟ್ಟಿ ಕಡೆ ತಂಪು ಹವೆಗೆ ಆಸೆಪಟ್ಟು ಬೆಂಗಳೂರಿನವರು ಹೊಲ ಕೊಂಡು, ಮೂಲೆಯಲ್ಲಿ ಕಂಟೇನರ್ ಇಟ್ಟು, ಶನಿವಾರ ಭಾನುವಾರ ಬಂದು ಹೋಗುವ ಏರ್ಪಾಟಿಗೆ ಗೃಹಸಾಲದ ಸೌಲಭ್ಯ ಸಲ್ಲದು. ಅಲ್ಲಿ ತೊಡಕು ಕಂಟೇನರಿನದಲ್ಲ, ನೆಲದ್ದು. ಸಾಲ ಬಾಕಿಯಾದರೆ ಕೋರ್ಟಿಗೆ ಹೋಗದೆ ಒತ್ತೆಯನ್ನು ವಶಪಡಿಸಿಕೊಳ್ಳಲು ಬ್ಯಾಂಕುಗಳಿಗೆ ಅಧಿಕಾರ ಕೊಟ್ಟ 2002ರ ಸರ್ಫೇಸಿ ಕಾಯ್ದೆ, ತನ್ನ 31ನೇ ಸೆಕ್ಷನ್‌ನಲ್ಲಿ ಕೃಷಿ ಭೂಮಿಯನ್ನು ಹೊರಗಿಟ್ಟಿದೆ. ಇನ್ನೊಬ್ಬರ ನೆಲವನ್ನು ಗುತ್ತಿಗೆಗೆ ಹಿಡಿದು ಮನೆ ನಿಲ್ಲಿಸಿದವರ ಸ್ಥಿತಿಯೂ ಬೇರೆ: ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ ಬೇರೆ ಕರಾರಿಲ್ಲದಿದ್ದರೆ ಗುತ್ತಿಗೆದಾರ ತಾನು ನೆಲಕ್ಕೆ ಸೇರಿಸಿದ್ದನ್ನು ಕಿತ್ತುಕೊಂಡು ಹೋಗಬಹುದು. ಕಿತ್ತುಕೊಂಡು ಹೋಗಬಲ್ಲದ್ದನ್ನು ಚರ ಒತ್ತೆ ಎಂದು ಬರೆಯುವುದು ಪ್ರಾಮಾಣಿಕ ಲೆಕ್ಕವೇ. ಇಂಥದ್ದೂ ಸ್ವಂತ ಸೈಟಿನ ಪ್ರಿಕಾಸ್ಟ್ ಮನೆಯೂ ಒಂದೇ ಪದದಡಿ ಸಿಕ್ಕಿಬಿದ್ದಿರುವುದೇ ನನ್ನ ತಕರಾರು. ಇಂಥ ಸಾಲಗಳೇ ಬೆರಳೆಣಿಕೆಯಷ್ಟು, ಅದಕ್ಕೊಂದು ನಿಯಮ ಬೇಕೇ ಎನ್ನುವವರೂ ಇದ್ದಾರೆ. ಸಾಲ ಸಿಗದ ಕಡೆ ಸಾಲದ ಸಂಖ್ಯೆ ಬೆರಳೆಣಿಕೆ ಮೀರುವುದಾದರೂ ಹೇಗೆ?

ರಿಸರ್ವ್ ಬ್ಯಾಂಕು ನಮೂನೆ ತಿದ್ದುವವರೆಗೆ ಹೊಸೂರಿನ ಸಾಲಗಾರ ಕಾಯುತ್ತ ಕೂರಬೇಕಿಲ್ಲ. ತನ್ನ ಮನೆ ಯಾವ ಬಗೆಯದು ಎಂದು ಕಾಗದವೇ ಮಾತಾಡುವಂತೆ ಮಾಡಬಹುದು. ನಿವೇಶನಕ್ಕೆ ಡಿಟಿಸಿಪಿ ಅನುಮೋದನೆ, ಕಟ್ಟಡದ ನಕ್ಷೆಗೆ ಪಾಲಿಕೆ ಅಥವಾ ಪಂಚಾಯಿತಿಯ ಒಪ್ಪಿಗೆ, ಪಟ್ಟಾ, ಇ.ಸಿ. ಇವು ಇಟ್ಟಿಗೆ ಮನೆಗೆ ಬೇಕಾದವೇ. ಅದರ ಮೇಲೆ ಪಾಯದ ವಿನ್ಯಾಸ, ಗೋಡೆ ಪಾಯಕ್ಕೆ ಹೇಗೆ ಕೂಡುತ್ತದೆ ಎಂಬ ಎಂಜಿನಿಯರ್‌ನ ವಿವರಣೆ, ಬಳಸಿದ ತಂತ್ರದ ಪ್ರಮಾಣಪತ್ರ ಇರಲಿ. ಕರಾರಿನ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಕಾರ್ಖಾನೆಯಿಂದ ಮನೆಗೆ 9406ರ ಬಿಲ್ಲು, ಪಾಯಕ್ಕೆ ಊರ ಮೇಸ್ತ್ರಿಯ ಬೇರೆ ಚೀಟಿ ಎಂದು ಎರಡು ಭಾಗ ಮಾಡಿಕೊಂಡರೆ, ಬೆಲೆ ಕಟ್ಟಲು ಬಂದ ವ್ಯಾಲ್ಯುಯರ್ ಕಣ್ಣಿಗೆ ಕಾಣುವುದು ಒಂದು ಕಟ್ಟೆ, ಅದರ ಮೇಲೆ ಇಟ್ಟ ಒಂದು ಸರಕು. ಸರ್ವೆ ನಂಬರ್ ನಮೂದಿಸಿ, ಪಾಯದಿಂದ ಸೂರಿನವರೆಗೆ ಈ ನಿವೇಶನದಲ್ಲಿ ಒಂದು ವಾಸದ ಮನೆ ಕಟ್ಟಿಕೊಡುವ ಒಂದೇ ಕರಾರು ಮಾಡಿಕೊಳ್ಳಿ, ಮುಂಗಡ ಕೊಡುವ ಮೊದಲೇ.